ಕಿಟಕಿ ಕಡೆಯ ಗುಂಡಿ

ಮಾತ್ರೆ ಶುರುಮಾಡಿದ ವಾರದಲ್ಲೇ ನಾನು ಗಿರಾಕಿಯೊಬ್ಬರ ಮುಖಕ್ಕೆ ಆಕಳಿಸಿದೆ. ಸಣ್ಣ ಆಕಳಿಕೆಯಲ್ಲ. ಕಿವಿಯ ಬುಡದಲ್ಲಿ ಲಟಕ್ಕೆಂದು ಸದ್ದಾಗಿ, ತೆರೆದ ಬಾಯಿ ಮತ್ತೆ ಮುಚ್ಚುವುದೋ ಇಲ್ಲವೋ ಎಂದು ನನಗೇ ಅನುಮಾನ ಬರುವಂಥದ್ದು.

ನನಗೆ ಹಾಸಿಗೆ ಅಂಗಡಿಯಲ್ಲಿ ಕೆಲಸ. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಹಾಸಿಗೆ ಮಾರುತ್ತೀರಾ ಎಂದು ಕೆಲವರು ಕೇಳುತ್ತಾರೆ. ಎರಡರಲ್ಲೂ ಜನ ಬೇಗ ಕಣ್ಣು ಮುಚ್ಚುತ್ತಾರೆ, ಹೆಚ್ಚು ವ್ಯತ್ಯಾಸವಿಲ್ಲ ಎನ್ನುತ್ತೇನೆ. ನಮ್ಮ ಯಜಮಾನರದು ಒಂದು ನಿಯಮ. ಗಿರಾಕಿ ಚಪ್ಪಲಿ ಬಿಟ್ಟು ಹಾಸಿಗೆಯ ಮೇಲೆ ಹಾಯಾಗಿ ಮಲಗಬೇಕು. ನಾವು ಅವರ ಕಾಲ ಬಳಿ ಕೈಕಟ್ಟಿ ನಿಂತು ಸುಮ್ಮನಿರಬೇಕು. "ಹಾಸಿಗೆ ಮಾತಾಡ್ಬೇಕು, ನಾವಲ್ಲ" ಎನ್ನುತ್ತಾರೆ.

ಅವತ್ತು ಮಲಗಿದ್ದವರು ಹೊಸದಾಗಿ ಮದುವೆಯಾದ ಜೋಡಿ. ನಾನು ಆಕಳಿಸಿದೆ. ಹೆಂಡತಿ ಆಕಳಿಸಿದಳು. ಗಂಡ ಆಕಳಿಸಿದ. ಅಷ್ಟರಲ್ಲಿ ನನಗೆ ಎರಡನೆಯದು ಬಂತು. ಗಂಡ ದಡಕ್ಕನೆ ಎದ್ದು ಕೂತ.

"ಏನ್ರೀ, ನಮ್ಮನ್ನ ನೋಡಿದ್ರೆ ಅಷ್ಟು ಬೇಜಾರಾ ನಿಮಗೆ?"

ಇಲ್ಲ ಸರ್ ಎನ್ನಲು ಹೋದೆ. ಬಾಯಿ ಒಣಗಿ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಅದನ್ನು ಕೀಳುವಾಗ ಬಂದದ್ದು "ಪ್ಚ್" ಎಂಬ ಸದ್ದು ಮಾತ್ರ. ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಹೊರಟೇಹೋದರು.

ಹೋದ ವರ್ಷ ನನ್ನ ಗಂಡ ಲಾರಿಯ ಅಡಿಗೆ ಸಿಕ್ಕಿ ತೀರಿಕೊಂಡ. ನಾನು ಅಳಲಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ಅಳು ಹಾಗಿರಲಿ, ಸಿಟ್ಟು, ನಗು, ಹಸಿವು ಯಾವುದೂ ಇತ್ತ ಸುಳಿಯಲಿಲ್ಲ. ಒಂದು ದಿನ ಹಾಲು ಉಕ್ಕಿ ಒಲೆ ತುಂಬ ಹರಿಯುವುದನ್ನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಒಲೆ ಆರಿಸಿದ್ದು ಅತ್ತೆ. ಮಾರನೆಯ ದಿನವೇ ನನ್ನನ್ನು ವೈದ್ಯೆಯ ಬಳಿ ಕರೆದೊಯ್ದರು.

"ಒಳ್ಳೇದು ಮಾಡೋಕೆ ಮೂರ್ನಾಲ್ಕು ವಾರ ಬೇಕು" ಎಂದರು ವೈದ್ಯೆ. "ತರಲೆ ಮಾತ್ರ ಮೊದಲನೇ ದಿನದಿಂದಲೇ ಶುರು. ಹೊಟ್ಟೆ ತೊಳಸುತ್ತೆ, ಬಾಯಿ ಒಣಗುತ್ತೆ, ಬೆವರುತ್ತೆ, ಕೆಲವರಿಗೆ ಆಕಳಿಕೆ. ಸಾಮಾನ್ಯವಾಗಿ ತಾನೇ ಕಡಿಮೆ ಆಗುತ್ತೆ. ತಡ್ಕೊಳ್ಳೋಕೆ ಆಗ್ದಿದ್ರೆ ಫೋನ್ ಮಾಡಿ. ನೀವಾಗೇ ನಿಲ್ಲಿಸ್ಬೇಡಿ."

"ನಿಲ್ಲಿಸೋಕೆ ನಾನು ಬಿಟ್ರೆ ತಾನೆ" ಎಂದರು ಅತ್ತೆ.

ಅತ್ತೆ ಶಾಲೆಯಲ್ಲಿ ವ್ಯಾಯಾಮದ ಟೀಚರ್ ಆಗಿದ್ದವರು. ನಿವೃತ್ತರಾದರೂ ಕೊರಳಿನ ಸೀಟಿ ನಿವೃತ್ತವಾಗಿಲ್ಲ. ಬೆಳಗ್ಗೆ ತಿಂಡಿಯಾದ ಕೂಡಲೇ ಸೀಟಿ ಊದುತ್ತಾರೆ. ನಾನು ಮಾತ್ರೆ ನುಂಗಬೇಕು. ನಾಲಿಗೆ ಎತ್ತಿ ತೋರಿಸಬೇಕು. ತರಗತಿಯಲ್ಲಿ ಆಕಳಿಸಿದ ಮಕ್ಕಳನ್ನೆಲ್ಲ ಮೈದಾನ ಸುತ್ತಿಸಿದ ಕೈ ಅದು. ಹಾಗಾಗಿ ನಾನು ಆಕಳಿಸಿದಾಗಲೆಲ್ಲ ಸೀಟಿ ತುಟಿಯ ತನಕ ಹೋಗುತ್ತದೆ. ಅಷ್ಟರಲ್ಲಿ ಅವರಿಗೂ ಆಕಳಿಕೆ ಬಂದುಬಿಡುತ್ತದೆ. ಆಗ ಬೇರೆ ದಾರಿಯಿಲ್ಲದೆ ತಾವೇ ಊಟದ ಮೇಜಿನ ಸುತ್ತ ಒಂದು ಸುತ್ತು ಓಡುತ್ತಾರೆ. ನಿಯಮವೆಂದರೆ ನಿಯಮ.

ಆ ಜೋಡಿ ಹೋದ ಮೇಲೆ ಯಜಮಾನರು ಕರೆದರು.

"ಏನಮ್ಮಾ ಇದು? ಗಿರಾಕಿ ಮುಂದೆ ಗುಹೆ ಥರ ಬಾಯಿ ತೆಗೀತೀಯಲ್ಲ?"

ಮಾತ್ರೆಯ ವಿಷಯ ಅಂಗಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಗಂಡ ಸತ್ತ ಹೊಸದರಲ್ಲಿ ಯಜಮಾನರು ನನ್ನೊಡನೆ ಹತ್ತಿಯಂಥ ದನಿಯಲ್ಲಿ ಮಾತಾಡುತ್ತಿದ್ದರು. ಮತ್ತೆ ಗದರುವ ಹಾಗಾಗಲು ಬಹಳ ದಿನ ಹಿಡಿದಿತ್ತು. ಆ ಗದರಿಕೆ ಕಳೆದುಕೊಳ್ಳಲು ನನಗೆ ಇಷ್ಟವಿರಲಿಲ್ಲ.

"ರಾತ್ರಿ ಸರಿಯಾಗಿ ನಿದ್ದೆ ಬರ್ತಿಲ್ಲ ಸರ್" ಎಂದುಬಿಟ್ಟೆ.

ಯಜಮಾನರ ಮುಖ ಬಿಳಿಚಿಕೊಂಡಿತು. ಎದ್ದು ಬಾಗಿಲು ಹಾಕಿದರು.

"ನಮ್ಮ ಅಂಗಡೀಲಿ ಕೆಲಸ ಮಾಡೋಳಿಗೆ ನಿದ್ದೆ ಬರಲ್ವಾ? ಹೊರಗಡೆ ಯಾರಿಗೂ ಹೇಳಿಲ್ಲ ತಾನೆ? ಮನೇಲಿರೋದು ಯಾವ ಹಾಸಿಗೆ?"

"ನಮ್ಮಂಗಡೀದೇ ಸರ್. ಮದುವೇಲಿ ನೀವೇ ಕೊಟ್ಟಿದ್ದು."

"ನಮ್ದೇನಾ!" ಎಂದು ಕುರ್ಚಿಗೆ ಕುಸಿದರು. "ತಿರುಗಿಸಿ ಹಾಕ್ತಿದ್ದೀಯಾ?"

ತಲೆಯ ಕಡೆ ಕಾಲಿಗೆ, ಕಾಲಿನ ಕಡೆ ತಲೆಗೆ ಬರುವಂತೆ ಹಾಸಿಗೆಯನ್ನು ಆಗಾಗ ತಿರುಗಿಸಬೇಕು. ಒಂದೇ ಕಡೆ ಗುಂಡಿ ಬೀಳಬಾರದು. ಇದನ್ನು ನಾನು ಪ್ರತಿಯೊಬ್ಬ ಗಿರಾಕಿಗೂ ಹೇಳಿ ಕಳಿಸುತ್ತೇನೆ. ಮನೆಯಲ್ಲಿ ಮಾತ್ರ ವರ್ಷದಿಂದ ತಿರುಗಿಸಿಲ್ಲ. ಕಿಟಕಿ ಕಡೆ ಅವನು ಮಲಗುತ್ತಿದ್ದ ಜಾಗದಲ್ಲಿ ಒಂದು ಗುಂಡಿಯಿದೆ. ನಾನು ಗೋಡೆ ಕಡೆ ಮಲಗುತ್ತೇನೆ. ಆ ಗುಂಡಿಯ ಮೇಲೆ ಕೈ ಇಡುವುದಿಲ್ಲ, ದಿಂಬು ಇಡುವುದಿಲ್ಲ, ಹೊದಿಕೆಯನ್ನೂ ಜೋರಾಗಿ ಎಳೆಯುವುದಿಲ್ಲ. ಅವನದೆಂದು ಉಳಿದಿದ್ದ ಆಕಾರ ಅದೊಂದೇ.

"ಇಲ್ಲ ಸರ್."

"ಅದೇ ಮತ್ತೆ! ಗುಂಡಿ ಬಿದ್ದಿದೆ. ನಾಳೆ ಅಂಗಡಿ ರಜೆ. ನಾನೇ ಬರ್ತೀನಿ, ಗುಂಡಿ ಪರೀಕ್ಷೆ ಮಾಡೋಣ. ಹೊಸದು ವ್ಯಾನಲ್ಲೇ ತರ್ತೀನಿ. ಹಳೇದನ್ನ ಗುಜರಿಯವರಿಗೆ ಹಾಕಿದ್ರಾಯ್ತು."

"ಬೇಡ ಸರ್."

"ಸಂಕೋಚ ಮಾಡ್ಕೋಬೇಡ. ಇದು ಅಂಗಡಿ ಮಾನದ ಪ್ರಶ್ನೆ."

ನಿಜ ಹೇಳಿದರೆ ಹತ್ತಿಯ ದನಿ. ಹೇಳದಿದ್ದರೆ ಗುಂಡಿ ವ್ಯಾನಿಗೆ. ಯೋಚಿಸುತ್ತ ಮನೆಗೆ ಬಂದೆ. ನಾಳೆ ಯಜಮಾನರು ಹಾಸಿಗೆ ಬದಲಿಸಲು ಬರುತ್ತಾರೆಂದಷ್ಟೇ ಅತ್ತೆಗೆ ಹೇಳಿದೆ. ಮಾತ್ರೆಯ ದೆಸೆಯಿಂದ ಕನಸುಗಳೂ ಸಿನಿಮಾದಷ್ಟು ಸ್ಪಷ್ಟವಾಗಿದ್ದವು. ಆ ದಿನದ ಕನಸಿನಲ್ಲಿ ಗಂಡ ಅಂಗಡಿಗೆ ಬಂದು ಚಪ್ಪಲಿ ಬಿಟ್ಟು ಹಾಸಿಗೆಯ ಮೇಲೆ ಮಲಗಿದ. ನಾನು ಅವನ ಕಾಲ ಬಳಿ ಕೈಕಟ್ಟಿ ನಿಂತಿದ್ದೆ. ನಿಯಮದಂತೆ ಇಬ್ಬರೂ ಮಾತಾಡಲಿಲ್ಲ.

ಮಾರನೆಯ ಬೆಳಗ್ಗೆ ವ್ಯಾನ್ ಬಂತು. ಯಜಮಾನರ ಹಿಂದೆ ಸ್ಪ್ರಿಂಗ್ ಇಳಿದ. ಅಂಗಡಿಗೆ ಬರುವ ದೂರುಗಳನ್ನು ಪರೀಕ್ಷಿಸುವವನು ಅವನೇ. ನಡೆಯುವಾಗ ಹಿಮ್ಮಡಿ ನೆಲಕ್ಕೆ ತಾಗುವುದಿಲ್ಲ, ಅದಕ್ಕೇ ಆ ಹೆಸರು. ಕೈಯಲ್ಲಿ ದಾರ ಮತ್ತು ಅಳತೆಯ ಪಟ್ಟಿ. ಹಾಸಿಗೆಯ ಈ ಅಂಚಿನಿಂದ ಆ ಅಂಚಿಗೆ ದಾರವನ್ನು ಬಿಗಿಯಾಗಿ ಎಳೆದು, ದಾರದಿಂದ ಕೆಳಕ್ಕೆ ಪಟ್ಟಿ ಇಳಿಸಿದರೆ ಗುಂಡಿ ಎಷ್ಟು ಆಳವೆಂದು ಗೊತ್ತಾಗುತ್ತದೆ.

ಕೋಣೆಗೆ ಹೋದರೆ ಅತ್ತೆ ಆಗಲೇ ಕಿಟಕಿ ಕಡೆ ಅಂಗಾತ ಮಲಗಿದ್ದರು. ಬೂಟು ಸಮೇತ.

"ಅಮ್ಮಾ, ಸ್ವಲ್ಪ ಏಳಿ. ಅಳತೆ ತಗೋಬೇಕು" ಎಂದರು ಯಜಮಾನರು.

"ಇದು ನನ್ನ ಮಗ ಮಲಗ್ತಿದ್ದ ಜಾಗ. ತಗೋಳೋದಾದ್ರೆ ನನ್ನ ಸಮೇತ ತಗೊಳ್ಳಿ."

ಅತ್ತೆಗೂ ಗುಂಡಿಯ ವಿಷಯ ಗೊತ್ತಿತ್ತೆಂದು ನನಗೆ ಆಗಲೇ ತಿಳಿದದ್ದು. ನಾವಿಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಯಜಮಾನರು ಸ್ಪ್ರಿಂಗನ ಮುಖ ನೋಡಿದರು. ಕೆಲಸವೆಂದರೆ ಕೆಲಸ ಎನ್ನುವವನು ಅವನು. ಅತ್ತೆ ಮಲಗಿದ್ದಂತೆಯೇ ದಾರ ಎಳೆದ. ದಾರ ಅವರ ಹೊಟ್ಟೆಯ ಮೇಲೆ ಹತ್ತಿ ಆಚೆ ಇಳಿಯಿತು. ಪಟ್ಟಿ ಹಿಡಿದು ಬಗ್ಗಿ ನೋಡಿದ.

"ಸರ್, ಇದು ಗುಂಡಿ ಅಲ್ಲ. ಗುಡ್ಡ."

ಅತ್ತೆ ಸೀಟಿ ಊದಿದರು. ಸ್ಪ್ರಿಂಗ್ ಎರಡು ಹೆಜ್ಜೆ ಹಿಂದಕ್ಕೆ ಹಾರಿದ.

"ಸರ್, ತಪ್ಪು ಹಾಸಿಗೇದಲ್ಲ" ಎಂದೆ. ನಾಲಿಗೆ ಅಂಟಿಕೊಳ್ಳುವ ಮೊದಲೇ ಎಲ್ಲ ಹೇಳಿ ಮುಗಿಸಬೇಕಿತ್ತು. "ನಾನು ಖಿನ್ನತೆಗೆ ಮಾತ್ರೆ ತಗೋತಿದ್ದೀನಿ. ಆಕಳಿಕೆ ಅದರದ್ದು. ಬೆವರು, ಬಾಯಿ ಒಣಗೋದು, ಎಲ್ಲಾ ಅದರದ್ದೇ. ಕೆಲವು ದಿನ ಹೀಗೇ ಇರುತ್ತೆ. ನಿದ್ದೆ ಬರಲ್ಲ ಅಂದಿದ್ದು ಸುಳ್ಳು."

ಹತ್ತಿಯ ದನಿಗೆ ಕಾದು ನಿಂತೆ. ಯಜಮಾನರು ನನ್ನನ್ನೇ ನೋಡಿದರು. ಆಮೇಲೆ ಅವರ ಮುಖ ಇಷ್ಟಗಲವಾಯಿತು.

"ಅಂದ್ರೆ ಹಾಸಿಗೇದೇನೂ ತಪ್ಪಿಲ್ಲ!"

"ಇಲ್ಲ ಸರ್."

"ಇದನ್ನ ನಿನ್ನೇನೇ ಹೇಳೋಕೇನಾಗಿತ್ತು ನಿಂಗೆ ರೋಗ? ರಾತ್ರಿಯೆಲ್ಲಾ ನಂಗೆ ನಿದ್ದೆ ಇಲ್ಲ!" ಎಂದು ಜೋರಾಗಿ ಗದರಿದರು. ನನ್ನ ಹೆಗಲು ಹಗುರವಾಯಿತು. "ನಾಳೆಯಿಂದ ಆಕಳಿಕೆ ಬಂದ್ರೆ ಗೋಡೆ ಕಡೆ ತಿರುಗಿ ಆಕಳಿಸು. ಗಿರಾಕಿಗೆ ಬೆನ್ನು ಕಂಡ್ರೂ ಪರವಾಗಿಲ್ಲ, ಬಾಯಿ ಕಾಣ್ಬಾರ್ದು."

ಹಾಸಿಗೆ ಹೋಗುವುದಿಲ್ಲವೆಂದು ಖಾತ್ರಿಯಾದ ಮೇಲೆ ಅತ್ತೆ ಎದ್ದರು. ಸ್ಪ್ರಿಂಗ್ ಮಾತ್ರ ಬಿಡಲಿಲ್ಲ. ಇಷ್ಟು ದೂರ ಬಂದು ಅಳತೆ ಮಾಡದೆ ಹೋಗುವುದು ಅವನ ಜಾಯಮಾನವಲ್ಲ. ಹೊದಿಕೆ ಸರಿಸಿ ದಾರ ಎಳೆದ. ಕಿಟಕಿ ಕಡೆ ಪಟ್ಟಿ ಇಳಿಸಿದ. ಮತ್ತೊಮ್ಮೆ ಇಳಿಸಿದ.

"ಅಕ್ಕಾ, ಇಲ್ಲೇನೂ ಇಲ್ವಲ್ಲ. ಸಮ ಇದೆ."

"ಸರಿಯಾಗಿ ನೋಡು."

"ನೋಡ್ದೆ ಅಕ್ಕಾ. ಒಳ್ಳೇ ಫೋಮು, ಭಾರ ಇಲ್ದಿದ್ರೆ ತಾನೇ ಎದ್ಕೊಳ್ಳುತ್ತೆ. ಗುಂಡಿ ಇರೋದು ಈ ಕಡೆ, ಗೋಡೆ ಪಕ್ಕ. ಇಲ್ಲಿ ಯಾರು ಮಲಗ್ತಾರೆ?"

"ನಾನು."

ಒಳ್ಳೆಯ ಫೋಮು ತಾನೇ ಎದ್ದುಕೊಳ್ಳುತ್ತದೆ. ಈ ಮಾತನ್ನು ದಿನವೂ ಹೇಳಿಯೇ ನಾನು ಹಾಸಿಗೆ ಮಾರುವುದು. ಬಗ್ಗಿ, ವರ್ಷದಲ್ಲಿ ಮೊದಲ ಸಲ ಕಿಟಕಿ ಕಡೆ ಕೈ ಇಟ್ಟೆ. ಅಂಗೈ ಎಲ್ಲೂ ಇಳಿಯಲಿಲ್ಲ. ಹೊಸ ಹಾಸಿಗೆಯಷ್ಟೇ ಚಪ್ಪಟೆ. ಅದು ಯಾವಾಗ ಎದ್ದುಕೊಂಡಿತೋ ಗೊತ್ತಿಲ್ಲ. ನಾನು ಪಕ್ಕದಲ್ಲೇ ಇದ್ದೆ.

ಆಗ ಆಕಳಿಕೆ ಬಂತು. ಅಲ್ಲಿಯವರೆಗಿನ ಎಲ್ಲಕ್ಕಿಂತ ದೊಡ್ಡದು. ನನ್ನಿಂದ ಸ್ಪ್ರಿಂಗನಿಗೆ, ಅವನಿಂದ ಯಜಮಾನರಿಗೆ, ಅವರಿಂದ ಅತ್ತೆಗೆ ದಾಟಿತು. ಅತ್ತೆ ಮಂಚದ ಸುತ್ತ ಓಡಲು ಹೊರಟವರು ನನ್ನ ಮುಖ ನೋಡಿ ನಿಂತರು.

"ಅಳ್ತಿದ್ದೀಯೇನೇ?"

"ಆಕಳಿಕೆ ಅತ್ತೆ. ಅದಕ್ಕೇ ಕಣ್ಣಲ್ಲಿ ನೀರು."

"ಆಕಳಿಕೆ ಆಗ್ಲೇ ಮುಗೀತಲ್ಲೇ."

ಹೌದು. ಮುಗಿದಿತ್ತು. ನೀರು ಬರುತ್ತಲೇ ಇತ್ತು. ಅತ್ತೆ ಪಕ್ಕಕ್ಕೆ ಬಂದು ನಿಂತು, ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದರು. ಯಜಮಾನರು ಹಾಸಿಗೆಯ ಮೂಲೆಯ ಜಿಪ್ಪನ್ನು ಬಹಳ ಹೊತ್ತು ಪರೀಕ್ಷಿಸಿದರು. ಸ್ಪ್ರಿಂಗ್ ದಾರ ಸುತ್ತಿಟ್ಟು, ಮತ್ತೆ ಬಿಚ್ಚಿ, ಮತ್ತೆ ಸುತ್ತಿದ.

"ಗೋಡೆ ಕಡೇದು ಅಂಥಾ ಆಳ ಏನಲ್ಲ" ಎಂದರು ಯಜಮಾನರು ಕೊನೆಗೆ, ಜಿಪ್ಪಿಗೆ. "ತಿರುಗಿಸಿ ಹಾಕಿದ್ರೆ ಸಾಕು."

"ತಿರುಗಿಸೋಣ" ಎಂದೆ.

ಅತ್ತೆ ಮಂಚದ ತಲೆಯ ಬಳಿ ನಿಂತು ಸೀಟಿ ಊದಿದರು. ಮೂರು ಜನ ಎತ್ತಿದೆವು. ಹಾಸಿಗೆ ದೊಡ್ಡದು, ಕೋಣೆ ಚಿಕ್ಕದು. ಅರ್ಧ ತಿರುಗುವಷ್ಟರಲ್ಲಿ ದೀಪದ ಬುರುಡೆ ಒಡೆಯಿತು, ಯಜಮಾನರು ಹಾಸಿಗೆಗೂ ಬೀರುವಿಗೂ ನಡುವೆ ಮಾಯವಾದರು.

"ಎಡಕ್ಕೆ! ಎಡಕ್ಕೆ!" ಎಂದು ಒಳಗಿನಿಂದ ದನಿ ಬಂತು.

"ಯಾರ ಎಡ ಸರ್?" ಎಂದ ಸ್ಪ್ರಿಂಗ್.

"ಮಾತಾಡ್ಬಾರ್ದು! ಹಾಸಿಗೆ ಮಾತಾಡ್ಬೇಕು!" ಎಂದೆ ನಾನು.

ಬೀರುವಿನ ಕಡೆ ಹಾಸಿಗೆ ಸಣ್ಣಗೆ ಅಲುಗಿತು. ಆಮೇಲೆ ಹಾಸಿಗೆ ಗೊಳ್ಳೆಂದು ನಕ್ಕಿತು.

ಈಗ ನನ್ನ ಗುಂಡಿ ಕಿಟಕಿ ಕಡೆಗೆ ಹೋಗಿದೆ. ಗೋಡೆ ಕಡೆ, ನಾನು ಮಲಗುವಲ್ಲಿ, ನೆಟ್ಟಗಿದೆ. ಅಲ್ಲಿ ಮಲಗಿ ನೋಡಿದೆ. ಗುಂಡಿಯಲ್ಲೇ ಒರಗಿ ಅಭ್ಯಾಸವಾದ ಬೆನ್ನಿಗೆ ಬೆಟ್ಟದ ತುದಿಯಲ್ಲಿ ಮಲಗಿದಂತಾಯಿತು. ಹೊಸ ಜಾಗಕ್ಕೆ ಹೊಂದಿಕೊಳ್ಳುವ ತನಕ ಜೊತೆಗಿರುತ್ತೇನೆಂದು ಅತ್ತೆ ದಿಂಬು ತಂದು ಪಕ್ಕದಲ್ಲಿ ಉರುಳಿದರು. ಉರುಳಿದವರು ಗುಂಡಿಯೊಳಗೇ ಇಳಿದರು.

"ಕಡ್ಡಿಯಂಗಿದ್ದೀಯ, ಇಷ್ಟು ದೊಡ್ಡ ಗುಂಡಿ ಹೇಗೇ ತೋಡ್ದೆ?"

"ಗೊತ್ತಿಲ್ಲ ಅತ್ತೆ. ಗಮನಿಸ್ಲಿಲ್ಲ."

ಬೆಳಗ್ಗೆ ನಾನು ತಿಂಡಿ ಮುಗಿಸಿದರೂ ಅತ್ತೆ ಎದ್ದಿರಲಿಲ್ಲ. ಹೊಟ್ಟೆ ತೊಳಸುತ್ತಿತ್ತು, ನಾಲಿಗೆ ಮರದ ತುಂಡಿನಂತಿತ್ತು. ಇವತ್ತೊಂದು ದಿನ ಬಿಟ್ಟರೆ ಏನಾದೀತು ಎಂದು ಮಾತ್ರೆಯನ್ನು ನೋಡುತ್ತ ಕೂತಿದ್ದೆ. ಕೋಣೆಯಿಂದ ಸೀಟಿ ಕೇಳಿತು. ಆಮೇಲೆ, "ಏಯ್, ಮಾತ್ರೆ ನುಂಗಿ ಬೇಗ ಬಾರೇ! ಈ ಗುಂಡಿಯಿಂದ ಏಳೋಕೇ ಆಗ್ತಿಲ್ಲ!"

ನುಂಗಿದೆ. ಒಳಗೆ ಹೋಗಿ ಮೊದಲು ನಾಲಿಗೆ ಎತ್ತಿ ತೋರಿಸಿದೆ. ಆಮೇಲೆ ಎರಡೂ ಕೈ ಕೊಟ್ಟು ಅವರನ್ನು ಮೇಲಕ್ಕೆಳೆದೆ.