ಸ್ಟಾಡೆಕ್‌ನ ಸಹಿ

ಹೆಸರು ಮಾಡದೆ ಹೋದ ಬೇಸ್‌ಬಾಲ್ ಆಟಗಾರರ ಚಿತ್ರವಿರುವ ಹಳೆಯ ಕಾರ್ಡುಗಳೆಂದರೆ ನಿವೃತ್ತ ಅಂಚೆಯವ ಡೆಲ್ಬರ್ಟ್‌ಗೆ ಪ್ರಾಣ. ಒಂದೇ ವರ್ಷ ಆಡಿ ಮರೆಯಾದ ಓರಿನ್ ಸ್ಟಾಡೆಕ್‌ನ ಕಾರ್ಡಿಗೆ ಸಹಿ ಹಾಕಿಸಲೆಂದು, ಓಹಾಯೊ ರಾಜ್ಯದಲ್ಲಿದ್ದ ಅವನ ಒಂಟಿ ಮನೆಯನ್ನು ಹುಡುಕಿಕೊಂಡು ಹೋದ. ಬಾಗಿಲು ತೆರೆದದ್ದೇ ತಡ, ಬಂದೂಕಿನ ನಳಿಗೆ ಎದೆಗೆ ತಾಗಿತು.

"ನಲವತ್ತು ವರ್ಷ ಆಯ್ತು, ಇನ್ನೂ ಉಗಿಯೋಕೆ ಬರ್ತೀರೇನ್ರೋ?" ಮುದುಕ ಗುಡುಗಿದ.

ಕೊನೆಯ ಪಂದ್ಯದಲ್ಲಿ ಕೈಬಿಟ್ಟ ಒಂದು ಕ್ಯಾಚಿಗಾಗಿ ಊರೇ ಅವನನ್ನು ಅಟ್ಟಿತ್ತು.

"ಬೈಯೋಕಲ್ಲ ಯಜಮಾನ್ರೇ, ನಿಮ್ಮ ಸಹಿಗೆ ಬಂದೆ," ಎನ್ನುತ್ತಾ ಡೆಲ್ಬರ್ಟ್ ಕಾರ್ಡು ಚಾಚಿದ.

ಮುದುಕ ಅದನ್ನೇ ದಿಟ್ಟಿಸಿದ. "ಇದನ್ನ ಯಾರೂ ಹರಿದು ಹಾಕ್ಲಿಲ್ವಾ?"

"ಹದಿನಾರು ವರ್ಷ ಹುಡುಕಿದೀನಿ ಇದಕ್ಕಾಗಿ."

ನಳಿಗೆ ಮೆಲ್ಲಗೆ ಕೆಳಗಿಳಿಯಿತು. ಮುದುಕ ಸಹಿ ಹಾಕಿಕೊಟ್ಟ. ಆದರೂ ಕಾರು ಹತ್ತಿದ ಡೆಲ್ಬರ್ಟ್, ನಳಿಗೆ ತಾಗಿದ್ದ ಎದೆಯನ್ನು ಸವರಿಕೊಳ್ಳುತ್ತಾ ಎಷ್ಟೋ ಹೊತ್ತು ಕೀಲಿ ತಿರುಗಿಸದೆ ಕೂತ.