ಎಸೆನ್ ತೋರಿಸಿದ ಜಾಗ

"ಒಂದ್ ಗಳಿಗೆ ಸುಮ್ನಿರ್ರಪ್ಪಾ" ಎಂದು ಹೋಜಾಮುರಾತ್ ಸರ್ದಾರ ಗದರಿದ ಮೇಲೆ ಕೋಟೆಗೋಡೆಯ ಬುಡದಲ್ಲಿ ನೆರೆದಿದ್ದವರು ಕೆಮ್ಮುವುದನ್ನೂ ನಿಲ್ಲಿಸಿದರು. ಎಸೆನ್ ಕುರಿಯ ತುಪ್ಪಳದ ಟೋಪಿ ತೆಗೆದು ಪಕ್ಕಕ್ಕಿಟ್ಟ. ಮರದ ಬಟ್ಟಲೊಂದನ್ನು ನೆಲಕ್ಕೆ ಬೋರಲು ಹಾಕಿ, ಅದರ ಮೇಲೆ ಕಿವಿಯಿಟ್ಟು ಮಲಗಿದ. ಚಳಿಗೆ ಕಲ್ಲಾಗಿದ್ದ ಮಣ್ಣು ಕೈಯನ್ನು ಕೊರೆಯುತ್ತಿತ್ತು.

ಅವನದು ಕರೇಜ್ ತೋಡುವ ಕಸುಬು. ಬೆಟ್ಟದ ತಪ್ಪಲಿನಿಂದ ಹೊಲದವರೆಗೆ ನೆಲದಡಿಯಲ್ಲೇ ನೀರಿಗೆ ದಾರಿ ಮಾಡುವವರು ಅತ್ತ ಒಂದು ಗುಂಪು, ಇತ್ತ ಒಂದು ಗುಂಪು ಇಳಿದು, ಕತ್ತಲಲ್ಲಿ ಒಬ್ಬರ ಗುದ್ದಲಿಯ ಸದ್ದನ್ನು ಇನ್ನೊಬ್ಬರು ಹಿಡಿದು ಬಂದು ಸೇರುತ್ತಾರೆ. ಹಾಗಾಗಿ ಕೇಳಿದ್ದು ಏನೆಂದು ತಿಳಿಯಲು ಎಸೆನ್‌ಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಅಗೀತಾವ್ರೆ ರಷ್ಯಾದವ್ರು. ಎರಡಾಳುದ್ದ ಕೆಳಗೆ, ಗೋಡೆ ಅಡಿಗೇ ಬಂದವ್ರೆ."

"ಎಲ್ಲಿ ಮೇಲಕ್ಕೆ ಏಳ್ತಾರೆ?" ಎಂದ ಸರ್ದಾರ.

ಎಸೆನ್ ಗೋಡೆಯಿಂದ ಒಳಕ್ಕೆ ಒಂದಿಷ್ಟು ದೂರ ನಡೆದು, ಹಿಮ್ಮಡಿಯಿಂದ ನೆಲಕ್ಕೆ ಒದ್ದು ತೋರಿಸಿದ. ನೆಲದಡಿ ದಾರಿ ತೋಡಿದವನು ಎಲ್ಲಾದರೂ ಮೇಲೆ ಬಾಯಿ ತೆರೆಯಲೇಬೇಕು. ಅದರಲ್ಲಿ ಅವನಿಗಾಗಲಿ, ಅಲ್ಲಿ ನಿಂತಿದ್ದ ಇನ್ನೊಬ್ಬರಿಗಾಗಲಿ ಅನುಮಾನವಿರಲಿಲ್ಲ. ಜನ ನಕ್ಕರು. ಎಷ್ಟೋ ದಿನಗಳಿಂದ ಆ ಕೋಟೆಯಲ್ಲಿ ಅಂಥ ನಗು ಕೇಳಿರಲಿಲ್ಲ. ರಷ್ಯಾದವರಿಗೆ ಬುದ್ಧಿ ಕೆಟ್ಟಿದೆ, ಹೆಗ್ಗಣಗಳ ಹಾಗೆ ಒಬ್ಬೊಬ್ಬರಾಗಿ ತಲೆ ಹೊರಗೆ ಹಾಕುತ್ತಾರೆ, ನಾವು ಒಬ್ಬೊಬ್ಬರಾಗಿ ಕತ್ತರಿಸಿದರಾಯಿತು ಎಂದು ಮುದುಕರೂ ಮೀಸೆ ತಿರುವಿದರು. ಒಳ್ಳೆಯ ಕತ್ತಿಯವರನ್ನು ಆರಿಸಿ ಆ ಜಾಗದ ಸುತ್ತ ಕೂರಿಸಬೇಕೆಂದು ಸರ್ದಾರ ಅಲ್ಲೇ ಹೇಳಿದ.

ಗೋಕ್‌ತೆಪೆಯ ಈ ಕೋಟೆಗೆ ನಮ್ಮ ಜನವೆಲ್ಲ ಬಂದು ಸೇರಿದ್ದೇ ಒಂದು ಗೆಲುವನ್ನು ನಂಬಿ. ಹಿಂದಿನ ಸಲ ಇದೇ ಗೋಡೆಯ ಮುಂದೆ ಒಂದೇ ಒಂದು ಕಾಳಗದಲ್ಲಿ ರಷ್ಯಾದವರ ಸೊಂಟ ಮುರಿದಿತ್ತು. ಫಿರಂಗಿ ಎಳೆದುಕೊಂಡು ಬಂದವರು ತಮ್ಮವರ ಹೆಣಗಳನ್ನೂ ಬಿಟ್ಟು ಕಡಲಿನತ್ತ ಓಡಿದ್ದರು. ಇನ್ನೊಮ್ಮೆ ಹಾಗೇ ಆದರೆ ಅವರು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಓಯಸಿಸ್ಸಿನ ಊರೂರೂ ಗುಡಾರ ಕಿತ್ತು, ಹೆಂಗಸರು ಮಕ್ಕಳು ಕುರಿಗಳೊಂದಿಗೆ ಕೋಟೆಯೊಳಗೆ ಬಂದು ಒತ್ತೊತ್ತಾಗಿ ಕೂತಿತು. ಆ ಗೆಲುವು ನಮ್ಮನ್ನು ಹೀಗೆ ತಂದು ಕೂಡಿಹಾಕಿದ್ದು ಆಗ ಯಾರಿಗೂ ಹೊಳೆದಿರಲಿಲ್ಲ. ಈಗ ಮತ್ತೆ ಬಂದು ಮುತ್ತಿದ್ದ ರಷ್ಯಾದವರ ಫಿರಂಗಿ ಗುಂಡು ಬಿದ್ದಾಗಲೆಲ್ಲ ಜನ ಗುಡಾರದೊಳಗೆ ತೋಡಿಕೊಂಡ ಗುಂಡಿಗಳಿಗೆ ಇಳಿಯುತ್ತಿದ್ದರು. ಹೂಳಲು ಜಾಗವಿಲ್ಲದೆ ಸತ್ತವರನ್ನು ಗುಡಾರಗಳ ಸಂದಿಯಲ್ಲೇ ಮಣ್ಣು ಮಾಡುತ್ತಿದ್ದರು. ಆ ನಾತಕ್ಕೆ ಮೂಗು ಒಗ್ಗಿಹೋಗಿತ್ತು.

ಎಸೆನ್‌ನ ಹೆಂಡತಿ ಬಿಬಿಶ್‌ಗೆ ಒಗ್ಗಿರಲಿಲ್ಲ. ಬಡಗಣ ಬಾಗಿಲು ಇನ್ನೂ ತೆರೆದಿತ್ತು. ಆ ಕಡೆಯ ಮರಳುಗಾಡಿಗೆ ರಷ್ಯಾದವರು ಕಾವಲು ಹಾಕಿರಲಿಲ್ಲ. ಅವಳ ತಮ್ಮ ಒಂಟೆ ಕಟ್ಟಿಕೊಂಡು ಹೊರಡುವವನಿದ್ದ. ಹಿರಿಯರ ಮುಂದೆ ತಲೆಬಟ್ಟೆಯ ತುದಿಯನ್ನು ಬಾಯಲ್ಲಿ ಕಚ್ಚಿ ಮಾತೇ ಆಡದ ಹೆಂಗಸು ಅವಳು. ಅಂದು ಗುಡಾರದಲ್ಲಿ ಆ ಬಟ್ಟೆ ಕಿತ್ತು ಹೆಗಲಿಗೆ ಹಾಕಿಕೊಂಡು ಗಂಡನೆದುರು ನಿಂತಳು.

"ನೀವಿರಿ, ಬ್ಯಾಡ ಅನ್ನಲ್ಲ. ಸಾಪಾರನ್ನ ನನ್ ಜೊತೆ ಕಳ್ಸಿ. ಇರೋನು ಒಬ್ನೇ."

ಮೀಸೆ ಚಿಗುರಿದ ಮಗನನ್ನು ಒಂಟೆ ಕಾಯಲು ಕಳಿಸಿದರೆ ನಾಳೆ ಯಾರ ಮುಖ ನೋಡುವುದು ಎಂಬುದು ಎಸೆನ್‌ನ ಚಿಂತೆ. ಆದರೆ ಮಗ ಬದುಕಬೇಕೆಂಬ ಆಸೆ ಅವನಿಗೂ ಅಷ್ಟೇ ಇತ್ತು. ಎರಡಕ್ಕೂ ಅವನ ಹತ್ತಿರ ಒಂದೇ ಉಪಾಯವಿತ್ತು. ತಾನು ತೋರಿಸಿದ ಜಾಗದ ಸುತ್ತ ಗುಂಡು ಬೀಳುವುದು ಕಡಿಮೆಯಾಗಿದ್ದನ್ನು ಅವನು ಗಮನಿಸಿದ್ದ. ತಮ್ಮವರೇ ಕೆಳಗಿರುವಾಗ ರಷ್ಯಾದವರಾದರೂ ಹೇಗೆ ಹೊಡೆದಾರು? ಬರುವವರೋ ಒಬ್ಬೊಬ್ಬರು. ಇಡೀ ಕೋಟೆಯಲ್ಲಿ ಅದಕ್ಕಿಂತ ಕ್ಷೇಮದ ಜಾಗವಿಲ್ಲ ಎಂದು ಲೆಕ್ಕ ಹಾಕಿ, ಸರ್ದಾರನ ಕೈಕಾಲು ಹಿಡಿದು ಸಾಪಾರನನ್ನು ಅಲ್ಲಿ ಮುಂದಿನ ಸಾಲಿಗೇ ಸೇರಿಸಿದ. ಹುಡುಗನ ಹಿಗ್ಗು ಹೇಳತೀರದು. ಬಿಬಿಶ್ ಒಂದು ದಿನದ ಮಟ್ಟಿಗೆ ತಮ್ಮನನ್ನು ತಡೆದು ನಿಲ್ಲಿಸಿದಳು.

ಮಾರನೆಯ ಬೆಳಿಗ್ಗೆ ಎಸೆನ್ ಮತ್ತೆ ಬಟ್ಟಲಿಗೆ ಕಿವಿ ಕೊಟ್ಟಾಗ ಗುದ್ದಲಿಯ ಸದ್ದು ನಿಂತಿತ್ತು. ಹೆಜ್ಜೆಗಳಷ್ಟೇ ಕೇಳುತ್ತಿದ್ದವು. ಅವನು ಉಸಿರು ಬಿಗಿಹಿಡಿದ. ಸುರಂಗದಲ್ಲಿ ಬರಿಗೈಲಿ ಒಳಗೆ ಹೋದವನು ಮಣ್ಣು ಹೊತ್ತು ಈಚೆ ಬರುತ್ತಾನೆ. ಹೋಗುವ ಹೆಜ್ಜೆ ಹಗುರ, ಬರುವ ಹೆಜ್ಜೆ ಭಾರ. ಇವರದು ತಿರುಗುಮುರುಗು. ಭಾರವಾಗಿ ಒಳಗೆ ಬರುತ್ತಿದ್ದರು, ಹಗುರವಾಗಿ ಹಿಂದಕ್ಕೆ ಹೋಗುತ್ತಿದ್ದರು. ಗೋಡೆಯ ಅಡಿಯಲ್ಲಿ ಏನನ್ನೋ ತಂದು ಪೇರಿಸುತ್ತಿದ್ದರು.

ಸಿಡಿಮದ್ದು ತುಂಬಿ ಕೋಟೆಯ ಗೋಡೆಯನ್ನೇ ಎತ್ತಿ ಒಗೆಯುವುದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಎಸೆನ್‌ಗೂ ಗೊತ್ತಿರಲಿಲ್ಲ. ಅವರು ಮೇಲೆ ಬರುವವರಲ್ಲ ಎಂಬುದೊಂದೇ ಅವನಿಗೆ ತಿಳಿದದ್ದು. ಎದ್ದು ಸರ್ದಾರನಲ್ಲಿಗೆ ಓಡಿದ. ತಾನು ತಪ್ಪು ತಿಳಿದೆ, ಜನರನ್ನು ಅಲ್ಲಿಂದ ಎಬ್ಬಿಸಿ ಎಂದು ಬೇಡಿಕೊಂಡ.

ಸರ್ದಾರ ಕೆಟ್ಟವನಲ್ಲ. ಚಹಾದ ಬಟ್ಟಲು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡ. ಹೊರುತ್ತಿರುವುದು ಬಂದೂಕಿರಬಹುದು, ರೊಟ್ಟಿಯಿರಬಹುದು ಎಂದ. ನಿನ್ನೆ ಕೂರಿ ಎಂದು, ಇವತ್ತು ಏಳಿ ಎಂದರೆ ಗೋಡೆಯುದ್ದಕ್ಕೂ ಇರುವವರು ಕೋಟೆ ಹೋಯಿತೆಂದೇ ತಿಳಿದು ಓಡುತ್ತಾರೆ, ಆಮೇಲೆ ತಡೆಯುವವರು ಯಾರು ಎಂದು ಕೇಳಿದ. ಕಡೆಗೆ ದನಿ ತಗ್ಗಿಸಿದ.

"ನಿನ್ ಮಗನ್ನ ಕರ್ಕೊಂಡ್ ಹೋಗ್ಬೇಕು ಅಂತಿದ್ರೆ ಹೋಗು, ನಾನ್ ತಡೆಯಲ್ಲ. ಆದ್ರೆ ಅಲ್ಲಿ ಕುಂತಿರೋರ್ಗೂ ಗಟ್ಟಿಯಾಗ್ ಹೇಳ್ಬಿಟ್ಟು ಕರ್ಕೊಂಡ್ ಹೋಗು. ಅವ್ರೂ ಯಾರ್ದೋ ಮಕ್ಳೇ."

ಎಸೆನ್ ಗಟ್ಟಿಯಾಗಿಯೇ ಹೇಳಿದ. ಕತ್ತಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಹುಡುಗರು ಮೊದಲು ಅವನನ್ನು, ಆಮೇಲೆ ಸಾಪಾರನನ್ನು ನೋಡಿದರು. ಕಾಕಾಗೆ ಮಗನ ಮೇಲೆ ಪ್ರೀತಿ ಉಕ್ಕಿತು ಎಂದು ಯಾರೋ ಅಂದ. ನಿನ್ನೆ ಜಾಗಕ್ಕಾಗಿ ಗೋಗರೆದವರು ಇವರೇ ಅಲ್ಲವೇ ಎಂದು ಇನ್ನೊಬ್ಬ. ಸಾಪಾರನ ಕಿವಿ ಕೆಂಪಾಯಿತು.

"ಅಪ್ಪಾ, ನೀನ್ ಹೇಳಿದ್ದಕ್ಕೇ ಇವ್ರೆಲ್ಲ ಇಲ್ಲಿ ಕುಂತಿರೋದು. ಈಗ ನಾನೆದ್ ಹೋದ್ರೆ ಹೆಂಗೆ?" ಎಂದ. ತಂದೆಯ ಕಡೆ ನೋಡಲಿಲ್ಲ.

ಮಗನ ತೋಳಿಗೆ ಕೈ ಹಾಕಿ ಎಳೆದೊಯ್ಯುವಷ್ಟು ಬಲ ಎಸೆನ್‌ಗೆ ಇತ್ತು. ಕೈ ಏಳಲಿಲ್ಲ. ಅವನು ಬಡಗಣ ಬಾಗಿಲಿಗೆ ನಡೆದು, ಸಾಯಂಕಾಲದೊಳಗೆ ನಾವಿಬ್ಬರೂ ಹಿಂದಿನಿಂದ ಬರುತ್ತೇವೆ ಎಂದು ಬಿಬಿಶ್‌ಗೆ ಸುಳ್ಳು ಹೇಳಿ ಒಂಟೆ ಹತ್ತಿಸಿದ. ಅವಳು ನಂಬಿದಳೋ ಇಲ್ಲವೋ. ರೊಟ್ಟಿಯ ಗಂಟನ್ನು ಅವನ ಕೈಗೆ ಕೊಟ್ಟು ತಲೆಬಟ್ಟೆಯ ತುದಿಯನ್ನು ಬಾಯಿಗಿಟ್ಟುಕೊಂಡಳು.

ಅಂದು ಮರಳುಗಾಡು ಸೇರಿದವರು ಮೊದಲು ಕೋಟೆಗೋಡೆಯಿಂದ ಮೇಲೆದ್ದ ಧೂಳನ್ನು ಕಂಡರಂತೆ, ಸದ್ದು ಆಮೇಲೆ ಕೇಳಿತಂತೆ. ಆ ಒಂದು ಹೊತ್ತಿಗೆ ಎಲ್ಲ ಮುಗಿಯಿತು. ವರ್ಷಗಟ್ಟಲೆ ನಡೆದಿದ್ದ ಯುದ್ಧ ಮಾರನೆಯ ದಿನ ಎಲ್ಲಿಯೂ ಇರಲಿಲ್ಲ, ಅದನ್ನು ಮಾಡಲು ಜನವೇ ಇರಲಿಲ್ಲ.

ಅದಕ್ಕೂ ಮುಂಚೆ, ಎಸೆನ್ ಬಾಗಿಲಿನಿಂದ ಗೋಡೆಯ ಬುಡಕ್ಕೆ ಹಿಂದಿರುಗಿದಾಗ ಬಿಸಿಲು ಸ್ವಲ್ಪ ಏರಿತ್ತು. ಹುಡುಗರು ಸರಿದು ಜಾಗ ಕೊಟ್ಟರು. ಈಗ ಯಾರೂ ಹಂಗಿಸಲಿಲ್ಲ. ಅವನು ಮಗನ ಪಕ್ಕ ಕೂತು ರೊಟ್ಟಿ ಮುರಿದು ಸುತ್ತಲಿದ್ದವರಿಗೆ ಹಂಚಿ, ಕಿವಿಯನ್ನು ನೆಲಕ್ಕೆ ಆನಿಸಿದ. ಕೆಳಗೆ ಹೆಜ್ಜೆಗಳೂ ಇರಲಿಲ್ಲ. ಎಲ್ಲರೂ ಹೊರಟುಹೋಗಿದ್ದರು.

"ಏನ್ ಕೇಳ್ತದಪ್ಪಾ?" ಎಂದು ಸಾಪಾರ್ ಮೆಲ್ಲಗೆ ಕೇಳಿದ.

"ನೀರು," ಎಂದ ಎಸೆನ್. "ನೀರ್ ಹರೀತೈತೆ, ಮಗಾ."

ಸಾಪಾರ್ ನಕ್ಕು, ಕತ್ತಿಯನ್ನು ಬದಿಗಿಟ್ಟು, ತಾನೂ ಕೇಳಿಸಿಕೊಳ್ಳಲೆಂದು ತಂದೆಯ ಎದುರಿಗೆ ಮಲಗಿ ಮಣ್ಣಿಗೆ ಕೆನ್ನೆಯಿಟ್ಟ.