ಗದ್ದದ ಸನ್ನೆ

ಪೀಪಿ ಮೇಷ್ಟ್ರು ಅಂತ ಅವರಿಗೆ ಹೆಸರಿಟ್ಟಿದ್ದು ಮಕ್ಕಳೇ. ಮೂವತ್ತು ವರ್ಷ ಸ್ಕೂಲಲ್ಲಿ ಹೊಸಬರಿಗೆ ಬ್ಯಾಂಡ್ ಕಲಿಸಿದ ಮನುಷ್ಯ. ಮೊದಲ ತಿಂಗಳು ಆ ರೂಮಿನ ಮುಂದೆ ಹಾದು ಹೋದವರು, ಒಳಗೆ ಯಾರೋ ಬಾತುಕೋಳಿ ಕತ್ತು ಹಿಸುಕ್ತಿದ್ದಾರೆ ಅಂದ್ಕೋಬೇಕು, ಹಾಗಿರೋದು ಸದ್ದು. ಮೇಷ್ಟ್ರ ಕಿವಿ ಅರ್ಧ ಹೋಗಿತ್ತು, ಕೋಪ ಮಾತ್ರ ಪೂರ್ತಿ ಇತ್ತು.

ಆ ವರ್ಷ ಕ್ಲಾರಿನೆಟ್ ಸಾಲಿಗೆ ಒಬ್ಬ ಹುಡುಗಿ ಬಂದಳು. ಬೇರೆ ದೇಶದವಳು, ಇಂಗ್ಲಿಷ್ ಒಂದಕ್ಷರ ಬರಲ್ಲ. ಮಕ್ಕಳು 'ಮೂಗಿ' ಅಂತ ಕರೆದು ಕೈ ತೊಳ್ಕೊಂಡ್ವು. ಮೇಷ್ಟ್ರು ಬಾಯಿ ಮುಚ್ಚಿ ಗದ್ದದಲ್ಲೇ ಪಾಠ ಶುರು ಮಾಡಿದ್ರು. ಗದ್ದ ಎತ್ತಿದ್ರೆ ಊದು, ಇಳಿಸಿದ್ರೆ ನಿಲ್ಲಿಸು. ಯಾವ ತೂತಿಗೆ ಯಾವ ಬೆರಳು ಅಂತ ಚಿತ್ರ ಬರೆದು ಸ್ಟ್ಯಾಂಡಿಗೆ ಅಂಟಿಸಿದ್ರು. ಎರಡು ತಿಂಗಳಾಯ್ತು. ಉಳಿದೋರು ಇನ್ನೂ ಬಾತುಕೋಳಿ ಹಿಸುಕ್ತಾನೇ ಇದ್ರು, ಇವಳ ಕ್ಲಾರಿನೆಟ್ ಮಾತಾಡ್ತಿತ್ತು.

ಆಮೇಲೆ ಬಂತು ಪರೀಕ್ಷೆ. ಊದೋದಕ್ಕೆ ಇಪ್ಪತ್ತೈದು ಮಾರ್ಕು, ಇಂಗ್ಲಿಷಲ್ಲಿ ಬರೆಯೋ ಪೇಪರಿಗೆ ಇಪ್ಪತ್ತೈದು. ಒಂದರಲ್ಲಿ ಬಿದ್ರೂ ಬ್ಯಾಂಡಿಂದ ಹೊರಗೆ. ಹುಡುಗಿಗೆ ಊದಿದ್ದಕ್ಕೆ ಇಪ್ಪತ್ನಾಲ್ಕು, ಪೇಪರಿಗೆ ಎರಡು. ಅದೂ ಹೆಸರು ನೆಟ್ಟಗೆ ಬರೆದಿದ್ದಕ್ಕೆ.

ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. ಅವಳನ್ನ ಪಕ್ಕ ಕೂರಿಸ್ಕೊಂಡು ಪೇಪರಲ್ಲಿದ್ದ ಗುರುತುಗಳ ಮೇಲೆ ಒಂದೊಂದಾಗಿ ಬೆರಳಿಟ್ರು. ಮೆಲ್ಲಗೆ ಅನ್ನೋ ಗುರುತಿಗೆ ಮೆಲ್ಲಗೆ ಊದಿದಳು. ಮತ್ತೆ ಮೊದಲಿಂದ ಅನ್ನೋ ಗುರುತಿಗೆ ಮೊದಲಿಂದ ಊದಿದಳು. ಒಂದೂ ತಪ್ಪಲಿಲ್ಲ.

"ಎಲ್ಲಾ ಗೊತ್ತಲ್ಲೇ ನಿಂಗೆ, ಕಳ್ಳಿ!" ಅಂದ್ರು. ಅವಳಿಗೆ ಏನೂ ತಿಳೀಲಿಲ್ಲ, ಸುಮ್ನೆ ನಕ್ಕಳು.

ಹೀಗೇ ಊದಿಸಿ ಮಾರ್ಕು ಹಾಕ್ತೀನಿ ಅಂತ ಆಫೀಸಿಗೆ ಹೋದ್ರೆ, ಅಲ್ಲೊಂದು ಫಾರಂ ಕೊಟ್ರು. 'ಮಗುವಿಗೆ ಭಾಷೆಯಲ್ಲಿ ಸಹಾಯ ಬೇಕೆ?' ಮೇಷ್ಟ್ರು ಕಾಗದ ತೂತಾಗೋ ಹಾಗೆ ಒತ್ತಿ 'ಬಹಳ ಬೇಕು' ಅಂತ ಬರೆದ್ರು. ಅದರ ಕೆಳಗೆ ಹನ್ನೆರಡು ಸಾಲು, ಪೇಪರ್ ಬದಲು ಯಾಕೆ ಊದಿಸಿ ನೋಡ್ಬೇಕು ಅಂತ. ಹನ್ನೆರಡು ಸಾಲು ಯಾವ ಪುಣ್ಯಾತ್ಮ ಓದ್ತಾನೆ ಹೇಳಿ?

ಸೋಮವಾರ ಹುಡುಗಿ ಕುರ್ಚಿ ಖಾಲಿ. ಮೇಷ್ಟ್ರು ಸೀದಾ ಹೆಡ್‌ಮೇಡಂ ಹತ್ರ ಹೋದ್ರು.

"ಸಹಾಯ ಬೇಕು ಅಂತ ನೀವೇ ಬರೆದಿದ್ದೀರಲ್ಲ ಮೇಷ್ಟ್ರೇ. ದಿನಕ್ಕೊಂದು ಗಂಟೆ ಇಂಗ್ಲಿಷ್ ಕ್ಲಾಸ್ ಹಾಕಿದ್ದೀವಿ."

"ಬ್ಯಾಂಡ್ ಪೀರಿಯಡ್ಡಲ್ಲೇ ಹಾಕ್ಬೇಕಿತ್ತಾ?"

"ಮತ್ತೆ ಗಣಿತ ಬಿಡಿಸ್ಲಾ?"

"ನೆಗಡಿ ಅಂದ್ರೆ ಮೂಗೇ ಕೊಯ್ದ್ರಲ್ಲ ಮೇಡಂ! ನಾನು ಕೇಳಿದ್ದು ಪರೀಕ್ಷೆಗೆ."

"ಕೂಗಾಡ್ಬೇಡಿ. ಕೆಳಗಿರೋ ಸಹಿ ಯಾರದು? ಪೀಪಿ ಎಲ್ಲಿಗೂ ಓಡಿ ಹೋಗಲ್ಲ, ಮುಂದಿನ ವರ್ಷ ಊದ್ಲಿ ಬಿಡಿ."

ಮುಂದಿನ ವರ್ಷ ಅಂದ್ರೆ ಹೊಸಬರ ಜೊತೆ ಮತ್ತೆ ಮೊದಲಿಂದ. ಮೇಷ್ಟ್ರಿಗೆ ಗೊತ್ತಿತ್ತು. ಫಾರಂ ಹರಿದು ಹಾಕಿ ಅಂತ ಮೇಜು ಗುದ್ದಬಹುದಿತ್ತು. ಗುದ್ದಲಿಲ್ಲ. ಸಹಿ ಅವರದೇ ಆಗಿತ್ತು.

ಸಂಜೆ ಹುಡುಗಿಯ ಸೋದರತ್ತೆ ಅವಳನ್ನ ಕರ್ಕೊಂಡು, ಸ್ಕೂಲಿನ ಕ್ಲಾರಿನೆಟ್ ಪೆಟ್ಟಿಗೆ ವಾಪಸ್ ಕೊಡೋಕೆ ಬಂದಳು. ಆಸ್ಪತ್ರೇಲಿ ನೆಲ ಒರೆಸೋಳು, ಸಮವಸ್ತ್ರ ಇನ್ನೂ ಬಿಚ್ಚಿರಲಿಲ್ಲ, ಅರ್ಧಂಬರ್ಧ ಇಂಗ್ಲಿಷ್ ಅವಳಿಗೆ ಬರ್ತಿತ್ತು.

"ನಿಮ್ಮಿಂದ ಉಪಕಾರ ಆಯ್ತು ಮೇಷ್ಟ್ರೇ. ನೀವು ಬರೆದಿದ್ದಕ್ಕೇ ಮಗುಗೆ ಕ್ಲಾಸ್ ಸಿಕ್ತು ಅಂದ್ರು ಆಫೀಸಲ್ಲಿ. ನಮಗೆ ಇಲ್ಲಿ ಯಾರಿದ್ದಾರೆ ಹೇಳಿ."

ಮೇಷ್ಟ್ರು ಪೆಟ್ಟಿಗೆ ತೆಗೆದು ನೋಡಿದ್ರು. ಹುಡುಗಿ ಕ್ಲಾರಿನೆಟ್ ಬಿಚ್ಚಿ ತುಂಡುಗಳನ್ನೆಲ್ಲ ಒರೆಸಿ, ಅವರು ಬರೆದ ಬೆರಳಿನ ಚಿತ್ರ ಮಡಚಿ ಮೇಲಿಟ್ಟಿದ್ದಳು. ಇದರಲ್ಲಿ ನನ್ನ ಉಪಕಾರ ಏನೂ ಇಲ್ಲ ಕಣಮ್ಮ, ಕೆಡಿಸಿದ್ದೇ ನಾನು ಅಂತ ಹೇಳ್ಬೇಕು. ಅತ್ತೆಗೆ ಹೇಳಿದ್ರೆ ಅವಳ ಸಂತೋಷವೂ ಹೋಗುತ್ತೆ. ಹುಡುಗಿಗೆ ಹೇಳ್ಬೇಕಂದ್ರೆ ಅವಳ ಭಾಷೇಲಿ ಒಂದು ಪದ ಬೇಕು. ಎರಡು ತಿಂಗಳಲ್ಲಿ ಒಂದೇ ಒಂದು ಕಲಿತಿರಲಿಲ್ಲ ಈ ಮಹಾನುಭಾವ.

ಹುಡುಗಿ ಬಾಗಿಲಲ್ಲಿ ನಿಂತು ಅವರ ಗದ್ದವನ್ನೇ ನೋಡ್ತಿದ್ದಳು.

ಮೇಷ್ಟ್ರಿಗೆ ಆ ಕಣ್ಣು ಎದುರಿಸೋಕಾಗಲಿಲ್ಲ. ತಲೆ ತಗ್ಗಿಸಿದ್ರು.

ಹುಡುಗಿ ಸರಿ ಅನ್ನೋ ಹಾಗೆ ತಲೆ ಆಡಿಸಿ, ಅತ್ತೆ ಕೈ ಹಿಡ್ಕೊಂಡು ಹೊರಟಳು. ಗದ್ದ ಇಳಿದ್ರೆ ನಿಲ್ಲಿಸ್ಬೇಕು. ಅದರಲ್ಲಿ ಅವಳು ಒಂದು ದಿನಾನೂ ತಪ್ಪಿದೋಳಲ್ಲ.